ಚಿಕ್ಕಮಗಳೂರು ಜಿಲ್ಲೆಯ ಐದೂ ಶಾಸಕರಿಗೆ: ನನ್ನ ತಂಗಿ ಮನೆ ನನಗೆ ಬೇಡ

ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ತರೀಕೆರೆ, ಕಡೂರು ಕ್ಷೇತ್ರಗಳ ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಮೂಡಿಗೆರೆ ತಾಲೂಕಿನೋನು, ಸಣ್ಣ ಬೆಳೆಗಾರ, ಸ್ವಲ್ಪ ರೋಬಸ್ಟಾ, ಮರಕ್ಕೆ ಹಬ್ಬಿಸಿದ ಮೆಣಸು, ಅಷ್ಟೇ. ಯಾವ ಪಕ್ಷಕ್ಕೂ ಸೇರಿದೋನಲ್ಲ. ನಮ್ಮ ಕಡೆಯೋರು ತಮ್ಮ ಹತ್ರ ಬಂದ್ರೆ ಆನೆ ಕಾಟದ ಬಗ್ಗೆ ಹೇಳ್ತೀವಿ, ಒತ್ತುವರಿ ನೋಟಿಸ್ ಬಗ್ಗೆ ಹೇಳ್ತೀವಿ, ಮಳೆಗಾಲದಲ್ಲಿ ಕಿತ್ತೋದ ರಸ್ತೆ ಬಗ್ಗೆ ಹೇಳ್ತೀವಿ, ತಾವೂ ಅದಕ್ಕೆಲ್ಲ ರೆಡಿಯಾಗೇ ಇರ್ತೀರಿ. ಇವತ್ತು ಬರೀತಿರೋದು ಅದ್ಯಾವುದೂ ಅಲ್ಲ. ಎರಡು ಹೆಣ್ಮಕ್ಕಳು ಅಥವಾ ಎರಡು ಗಂಡಸರು ಜೊತೆಗೆ ಸಂಸಾರ ಮಾಡ್ತಿದ್ರೆ ಅವರ ಮದುವೆಗೆ ಕಾನೂನಿನ ಮಾನ್ಯತೆ ಕೊಡಿ ಅಂತ ಕೇಳೋಕೆ ಬರೀತಿದೀನಿ, ಮತ್ತೆ ಇದು ದೆಹಲಿ ವಿಷಯ, ನಮ್ಮ ಕೈಲಿಲ್ಲ ಅಂತ ತಾವು ಹೇಳೋಕಾಗಲ್ಲ ಅನ್ನೋದನ್ನೂ ಬರೀತೀನಿ, ದಯವಿಟ್ಟು ಪೂರ್ತಿ ಓದಿ.

ನನ್ನ ತಂಗಿ ಚಿಕ್ಕಮಗಳೂರು ಟೌನಲ್ಲಿದಾಳೆ. ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಅಕೌಂಟ್ಸ್ ನೋಡ್ಕೊಳ್ತಾಳೆ. ಅವಳ ಸಂಗಾತಿ ಅರಸೀಕೆರೆ ಕಡೆಯೋಳು, ಲ್ಯಾಬ್ ಟೆಕ್ನಿಷಿಯನ್. ಹತ್ತು ವರ್ಷದ ಮೇಲಾಯ್ತು ಒಂದೇ ಮನೇಲಿ ಸಂಸಾರ ಮಾಡ್ತಿದಾರೆ, ಹೌದು ಸಂಸಾರ ಅಂತಾನೇ ಬರೀತಿದೀನಿ, ರೂಮ್‌ಮೇಟ್ಸ್ ಅಲ್ಲ. ನನ್ನ ಮಕ್ಕಳಿಗೆ ಇಬ್ರೂ ಅತ್ತೇನೇ. ದೀಪಾವಳಿಗೆ ಇಬ್ರೂ ತೋಟದ ಮನೆಗೆ ಬರ್ತಾರೆ, ಕಾಫಿ ಹಣ್ಣು ಕುಯ್ಯೋ ಟೈಮಲ್ಲಿ ಆಳು ಸಿಗದೇ ಇದ್ರೆ ರಜೆ ಹಾಕಿ ಬಂದು ಕಣದಲ್ಲಿ ನಿಂತ್ಕೊಂಡು ಕೆಲಸ ಮಾಡ್ತಾರೆ. ಇಬ್ರನ್ನೂ ಕೇಳಿಯೇ ಈ ಪತ್ರ ಬರೀತಿರೋದು. ಹೆಸರು ಮಾತ್ರ ಬೇಡ ಅಣ್ಣಾ, ನಾಳೆ ಕೆಲಸದ ಜಾಗದಲ್ಲಿ ತೊಂದರೆ ಆಗುತ್ತೆ ಅಂದ್ರು, ಅದಕ್ಕೆ ನನ್ನ ಹೆಸರೂ ಹಾಕಿಲ್ಲ, ನನ್ನ ಹೆಸರು ಹಾಕಿದ್ರೆ ನಮ್ಮೂರಲ್ಲಿ ಅವರು ಯಾರು ಅಂತ ಐದು ನಿಮಿಷಕ್ಕೆ ಗೊತ್ತಾಗುತ್ತೆ.

ಈಗ ಮನೆ ವಿಷಯಕ್ಕೆ ಬರ್ತೀನಿ. ಟೌನ್ ಹೊರಗೆ ಒಂದು ತರ್ಟಿ ಫಾರ್ಟಿ ಸೈಟ್ ತಗೊಂಡು ಇಬ್ರೂ ಮನೆ ಕಟ್ಟಿಸಿದಾರೆ. ಸಾಲಕ್ಕೆ ಇಬ್ರ ಹೆಸರಲ್ಲೂ ಅರ್ಜಿ ಹಾಕ್ತೀವಿ ಅಂದಾಗ ಬ್ಯಾಂಕಿನೋರು ಗಂಡ ಹೆಂಡತಿ ಅಥವಾ ರಕ್ತಸಂಬಂಧ ಆದ್ರೆ ಮಾತ್ರ ಜಾಯಿಂಟ್ ಲೋನ್, ಫ್ರೆಂಡ್ಸ್‌ಗೆ ಆಗಲ್ಲ ಅಂದ್ರಂತೆ, ಕೊನೆಗೆ ತಂಗಿ ಸಂಬಳ ಸ್ವಲ್ಪ ಜಾಸ್ತಿ ಇದ್ದಿದ್ದಕ್ಕೆ ಸೈಟು, ಸಾಲ, ಖಾತೆ ಎಲ್ಲ ಅವಳೊಬ್ಬಳ ಹೆಸರಿಗೇ ಆಯ್ತು. ಆದ್ರೆ ಪಾಯ ಹಾಕಿದ್ದು ಆ ಇನ್ನೊಬ್ಬಳ ಚಿನ್ನ ಮಾರಿದ ದುಡ್ಡಲ್ಲಿ, ಅವಳಮ್ಮ ಅವಳಿಗೆ ಅಂತ ಮಾಡಿಸಿಟ್ಟಿದ್ದ ಎರಡೆಳೆ ಸರ ಮತ್ತು ಬಳೆ. ಪ್ರತಿ ತಿಂಗಳು ಇಎಂಐಗೆ ಅವಳ ಸಂಬಳದಿಂದ ಅರ್ಧ ತಂಗಿ ಅಕೌಂಟಿಗೆ ಹೋಗುತ್ತೆ. ಮೋಲ್ಡ್ ಹಾಕಿದ ಮೇಲೆ ಬೆಳಗ್ಗೆ ಸಂಜೆ ಕ್ಯೂರಿಂಗಿಗೆ ನೀರು ಬಿಟ್ಟಿದ್ದೂ ಅವಳೇ, ನಾನೇ ಕಣ್ಣಾರೆ ನೋಡಿದೀನಿ. ಆ ಮನೆಗೆ ನಾನು ಒಂದು ಬುಟ್ಟಿ ಮರಳೂ ಹೊತ್ತಿಲ್ಲ, ಒಂದು ರೂಪಾಯಿನೂ ಕೊಟ್ಟಿಲ್ಲ.

ನಾಳೆ ನನ್ನ ತಂಗಿಗೆ ಏನಾದ್ರೂ ಆದ್ರೆ, ಹಾಗಾಗದೇ ಇರ್ಲಿ, ಆ ಮನೆ ಯಾರಿಗೆ ಹೋಗುತ್ತೆ ಗೊತ್ತಾ? ನನಗೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ವಿಲ್ ಬರೆಯದೇ ತೀರ್ಕೊಂಡ ಹೆಂಗಸಿನ ಸ್ವಂತ ಸಂಪಾದನೆ ಆಸ್ತಿ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ, ಅವರಿಲ್ಲದಿದ್ರೆ ಗಂಡನ ವಾರಸುದಾರರಿಗೆ, ಅವರೂ ಇಲ್ಲದಿದ್ರೆ ತಂದೆ ತಾಯಿಗೆ, ಆಮೇಲೆ ತಂದೆಯ ವಾರಸುದಾರರಿಗೆ. ನಮ್ಮ ಅಪ್ಪ ಅಮ್ಮ ಈಗಿಲ್ಲ. ಹಾಗಾಗಿ ಉಳಿಯೋದು ನಾನೊಬ್ಬನೇ. ಚಿನ್ನ ಮಾರಿದೋಳು ಆ ಲಿಸ್ಟಲ್ಲಿ ಎಲ್ಲೂ ಇಲ್ಲ, ಕೊನೇ ಸಾಲಲ್ಲೂ ಇಲ್ಲ. ನಾನು ಮನಸ್ಸು ಮಾಡಿದ್ರೆ ಅವಳನ್ನ ಅವಳೇ ಕಟ್ಟಿಸಿದ ಮನೆಯಿಂದ ಹೊರಗೆ ಕಳಿಸಬಹುದು, ಮತ್ತೆ ಕಾನೂನು ನನ್ನ ಕಡೆ ಇರುತ್ತೆ. ಈ ಕಾನೂನಿಂದ ಲಾಭ ಆಗೋನು ನಾನು ಸ್ವಾಮಿ, ಲಾಭ ಆಗೋನೇ ಬಂದು ಹೇಳ್ತಿದೀನಿ, ಇದು ಅನ್ಯಾಯ, ನನಗೆ ಬೇಡ.

ಬೇಡ ಅಂತ ಬಾಯಲ್ಲಿ ಹೇಳಿದ್ರೆ ಸಾಕಾಗಲ್ಲ ಅಂತ ಲಾಯರ್ ಹೇಳಿದ್ಮೇಲೆ ತಂಗಿ ವಿಲ್ ಮಾಡಿಸಿದಳು. ನಾವು ಮೂರೂ ಜನ ಪತ್ರ ಬರಹಗಾರರ ಅಂಗಡಿಗೆ ಹೋಗಿದ್ವಿ. ವಯಸ್ಸಾದೋರು, ಒಳ್ಳೇ ಮನುಷ್ಯ, ಕಂಪ್ಯೂಟರಲ್ಲಿ ಹಳೇ ವಿಲ್ ಒಂದನ್ನ ಓಪನ್ ಮಾಡಿ ಹೆಸರು, ಚೆಕ್ಕುಬಂದಿ ಎಲ್ಲ ಬದಲಾಯಿಸ್ತಾ ಹೋದ್ರು. ಸ್ವಸ್ಥ ಚಿತ್ತಳಾಗಿ ಯಾರ ಒತ್ತಾಯಕ್ಕೂ ಒಳಗಾಗದೆ, ಅದೆಲ್ಲ ಆಯ್ತು. ಆಮೇಲೆ ನನ್ನನ್ನು ಪ್ರೀತಿ ವಿಶ್ವಾಸದಿಂದ ನೋಡಿಕೊಳ್ಳುತ್ತಿರುವ ನನ್ನ ಅಂತ ಬಂದು ಅಲ್ಲಿ ನಿಂತ್ರು, ಇವರು ನಿಮಗೆ ಏನಾಗ್ಬೇಕು ಅಂತ ಕೇಳಿದ್ರು. ತಂಗಿ ಒಂದ್ಸಲ ಅವಳ ಮುಖ ನೋಡಿದಳು. ನೀವೇ ಏನಾದ್ರೂ ಹಾಕಿ ಸರ್ ಅಂದಳು. ಅವರು ಸ್ನೇಹಿತೆ ಅಂತ ಟೈಪ್ ಮಾಡಿ ಮುಂದಕ್ಕೆ ಹೋದ್ರು. ಪ್ರಿಂಟ್ ತೆಗೆಯೋಕ್ಕೆ ಮುಂಚೆ ನನ್ನ ಕಡೆ ತಿರುಗಿ, ಒಡಹುಟ್ಟಿದ ಅಣ್ಣಾನೇ ಸಾಕ್ಷಿ ಹಾಕಿದ್ರೆ ಒಳ್ಳೇದು, ನಾಳೆ ತಕರಾರು ಬರಲ್ಲ ಅಂದ್ರು. ಹಾಕ್ದೆ. ಅಂದ್ರೆ ನೋಡಿ, ಆ ಹೆಣ್ಣುಮಗಳ ತಲೆ ಮೇಲಿನ ಸೂರು ಉಳಿಯೋದು ನನ್ನ ಒಂದು ಸಹಿ ಮೇಲೆ ನಿಂತಿದೆ, ನನ್ನ ಜಾಗದಲ್ಲಿ ಆಸೆಬುರುಕ ಅಣ್ಣ ಇದ್ದಿದ್ರೆ, ಅಥವಾ ಇಂಥಾ ಮಗಳು ಸತ್ತಂಗೆ ಅಂತ ಮನೆಯಿಂದ ಹೊರಗೆ ಹಾಕಿದ ಅಪ್ಪ ಇದ್ದಿದ್ರೆ? ಅಂಥೋರೇ ಜಾಸ್ತಿ ಇದಾರೆ ನಮ್ಮ ನಡುವೆ. ವಿಲ್ ರಿಜಿಸ್ಟರ್ ಆಗಿದ್ರೂ ಕೋರ್ಟಲ್ಲಿ ಪ್ರಶ್ನೆ ಮಾಡಬಹುದು, ವರ್ಷಗಟ್ಟಲೆ ಎಳೀಬಹುದು, ಸಿವಿಲ್ ಕೇಸು ಅಂದ್ರೆ ಏನು ಅಂತ ಜಮೀನು ಇರೋ ಎಲ್ಲರಿಗೂ ಗೊತ್ತು.

ಬದುಕಿರುವಾಗ್ಲೇ ಅರ್ಧ ಮನೆ ಅವಳ ಹೆಸರಿಗೆ ದಾನಪತ್ರ ಮಾಡ್ಕೊಡೋಣ ಅಂದ್ರೆ ಅಲ್ಲೂ ಅದೇ ಕಥೆ. ಕರ್ನಾಟಕದಲ್ಲಿ ಗಂಡ, ಹೆಂಡತಿ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿ ಇಂಥೋರಿಗೆ ಗಿಫ್ಟ್ ಡೀಡ್ ಮಾಡಿದ್ರೆ ಸ್ಟಾಂಪ್ ಡ್ಯೂಟಿ ಫಿಕ್ಸೆಡ್, ಕೆಲವು ಸಾವಿರ ರೂಪಾಯಲ್ಲಿ ಮುಗಿಯುತ್ತೆ. ಕುಟುಂಬದ ಹೊರಗಿನೋರಿಗೆ ಆದ್ರೆ ಮಾರಾಟದ ಥರಾನೇ ಆಸ್ತಿ ಬೆಲೆ ಮೇಲೆ ಪರ್ಸೆಂಟ್ ಲೆಕ್ಕ. ಅದರ ಮೇಲೆ ಇನ್‌ಕಮ್ ಟ್ಯಾಕ್ಸ್ ಬೇರೆ, ಸಂಬಂಧಿಕರಲ್ಲದೋರಿಂದ ವರ್ಷಕ್ಕೆ 50,000 ರೂಪಾಯಿಗಿಂತ ಜಾಸ್ತಿ ಬೆಲೆಯ ಗಿಫ್ಟ್ ಬಂದ್ರೆ ಅದು ಆದಾಯ, ಗಂಡ ಹೆಂಡತಿ ಮಧ್ಯೆ ಆದ್ರೆ ಆ ಟ್ಯಾಕ್ಸ್ ಇಲ್ಲ. ತಂಗಿ ಇವತ್ತು ಆ ಮನೇನ ನನಗೆ ಸಲೀಸಾಗಿ ಕೊಡಬಹುದು, ಅದರಲ್ಲಿ ಬದುಕ್ತಿರೋ ಸಂಗಾತಿಗೆ ಕೊಡೋಕೆ ಹೋದ್ರೆ ಲಕ್ಷಗಟ್ಟಲೆ ಕಟ್ಟಬೇಕು.

ಇನ್ನು ಆಸ್ಪತ್ರೆ. ಒಂದು ಮಳೆಗಾಲದಲ್ಲಿ ತಂಗಿಗೆ ಗಾಲ್ ಬ್ಲಾಡರ್ ಕಲ್ಲಾಗಿ ಹಾಸನದ ಒಂದು ಆಸ್ಪತ್ರೆಗೆ ಸೇರಿಸಿದ್ರು. ಸೇರಿಸಿದ್ದು ಅವಳ ಸಂಗಾತೀನೇ, ಆದ್ರೆ ಆಪರೇಷನ್ ಫಾರ್ಮಿಗೆ ಮನೆಯೋರು ಯಾರಾದ್ರೂ ಬಂದು ಸೈನ್ ಹಾಕಲಿ ಅಂದ್ರು. ರಾತ್ರಿ ಸುರಿಯೋ ಮಳೇಲಿ ಬೇಲೂರು ಮೇಲೆ ಗಾಡಿ ಓಡಿಸ್ಕೊಂಡು ಹೋದೆ. ಪೇಷಂಟ್‌ಗೆ ಯಾವುದಾದ್ರೂ ಮಾತ್ರೆ ಅಲರ್ಜಿ ಇದ್ಯಾ ಅಂತ ನರ್ಸ್ ನನ್ನನ್ನ ಕೇಳಿದ್ರು, ನಾನು ತಿರುಗಿ ಅವಳನ್ನ ಕೇಳ್ದೆ, ಅವಳು ಹೇಳಿದಳು, ನಾನು ಬರೆದೆ, ಸೈನ್ ಹಾಕ್ದೆ. ಸದ್ಯ ಎಲ್ಲ ಸರಿಹೋಯ್ತು. ಆದ್ರೆ ಎಲ್ಲಾ ಗೊತ್ತಿರೋಳು ಪಕ್ಕದಲ್ಲೇ ನಿಂತಿರುವಾಗ ಏನೂ ಗೊತ್ತಿಲ್ಲದೋನು ಬರೋವರೆಗೂ ಕಾಯಿಸಿದ್ದು ಯಾವ ಸೀಮೆ ನ್ಯಾಯ?

ಇದಕ್ಕೆ ಸುಪ್ರೀಂ ಕೋರ್ಟ್ ಏನಂತು ಅಂತ ತಮಗೆ ಗೊತ್ತೇ ಇರುತ್ತೆ, ಆದ್ರೂ ಹೇಳ್ತೀನಿ, ಯಾಕಂದ್ರೆ ಹೋದಲ್ಲೆಲ್ಲ ಕೋರ್ಟೇ ಆಗಲ್ಲ ಅಂದಿದೆಯಲ್ಲಾ ಅಂತ ಜನ ಬಾಯಿ ಮುಚ್ಚಿಸ್ತಾರೆ. 2018ರ ಸೆಪ್ಟೆಂಬರ್ 6ಕ್ಕೆ ಐದು ಜಡ್ಜ್‌ಗಳ ಪೀಠ ಒಮ್ಮತದಿಂದ, ಒಪ್ಪಿ ಜೊತೆಗಿರೋ ವಯಸ್ಕರು ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ ಪ್ರಕಾರ ಅಪರಾಧಿಗಳಲ್ಲ ಅಂತು. ಮದುವೆ ಕೇಸು 2023ರ ಏಪ್ರಿಲ್ ಮೇ ತಿಂಗಳಲ್ಲಿ ನಡೀತು, ಅಕ್ಟೋಬರ್ 17ಕ್ಕೆ ತೀರ್ಪು ಬಂತು. ಮದುವೆ ಅನ್ನೋದು ಮೂಲಭೂತ ಹಕ್ಕಲ್ಲ, 1954ರ ಸ್ಪೆಷಲ್ ಮ್ಯಾರೇಜ್ ಆಕ್ಟ್‌ನ ನಾವು ತಿದ್ದಿ ಓದೋಕಾಗಲ್ಲ, ಕಾನೂನು ಮಾಡೋದು ಶಾಸಕಾಂಗದ ಕೆಲಸ ಅಂತ ಐದೂ ಜನ ಹೇಳಿದ್ರು. ಮದುವೆ ಅಲ್ಲದಿದ್ರೂ ಇಂಥಾ ಜೋಡಿಗಳಿಗೆ ಒಂದು ಸಿವಿಲ್ ಯೂನಿಯನ್, ಅಂದ್ರೆ ಜೋಡಿ ಅಂತ ಕಾನೂನಿನ ಮಾನ್ಯತೆ ಪಡೆಯೋ ಹಕ್ಕಾದ್ರೂ ಇದೆ ಅಂತ ಅವತ್ತಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಹೇಳಿದ್ರು, ಉಳಿದ ಮೂವರು ಒಪ್ಪಲಿಲ್ಲ. ಮರುಪರಿಶೀಲನೆ ಅರ್ಜಿಗಳೂ 2025ರ ಜನವರಿ 9ಕ್ಕೆ ವಜಾ ಆದವು. ಇಷ್ಟರಲ್ಲಿ ಎಲ್ಲೂ ಇವರು ಮದುವೆ ಆಗಬಾರದು ಅಂತ ಕೋರ್ಟ್ ಹೇಳಿಲ್ಲ. ಮಾಡಬೇಕಾದೋರು ಶಾಸನಸಭೆಯೋರು ಅಂತ ಹೇಳಿದೆ, ಅಂದ್ರೆ ತಾವು. ಅದಕ್ಕೇ ಪತ್ರ ಕೋರ್ಟಿಗೆ ಬರೀದೆ ತಮಗೆ ಬರೀತಿರೋದು.

ಅದೇ ಕೇಸಲ್ಲಿ ಕೇಂದ್ರ ಸರ್ಕಾರ, ಇದು ಸಿಟಿಯ ಶ್ರೀಮಂತರ, ಮೇಲ್ವರ್ಗದೋರ ಅಭಿಪ್ರಾಯ ಅನ್ನೋ ಅರ್ಥದಲ್ಲಿ ಬರೆದುಕೊಟ್ಟಿತ್ತು. ಚಂದ್ರಚೂಡ್ ಅವರು ತೀರ್ಪಲ್ಲಿ ಅದನ್ನ ಒಪ್ಪಲಿಲ್ಲ, ಆದ್ರೆ ಆ ಮಾತು ಓದಿದಾಗ ನನಗೆ ಬಹಳ ಬೇಜಾರಾಯ್ತು. ನಮ್ಮ ತಂಗಿ ಓದಿದ್ದು ಊರಿನ ಸರ್ಕಾರಿ ಶಾಲೇಲಿ, ಬಸ್ಸಿಲ್ಲದ ದಿನ ನಡ್ಕೊಂಡು ಹೋಗಿ. ಅರಸೀಕೆರೆ ಹುಡುಗಿ ಮನೇಲಿ ತೆಂಗು ರಾಗಿ ಬಿಟ್ರೆ ಬೇರೆ ಆದಾಯ ಇರ್ಲಿಲ್ಲ. ಇವರು ಯಾವ ಫಾರಿನ್ ನೋಡಿ ಕಲಿತ್ರು? ಇಂಥೋರು ನಮ್ಮ ತೋಟದ ಕೂಲಿಯೋರ ಲೈನ್ ಮನೆಗಳಲ್ಲಿದಾರೆ, ಸಂತೇಲಿ ಅಂಗಡಿ ಹಾಕೋರಲ್ಲಿದಾರೆ, ಬಸ್ ಕಂಡಕ್ಟರುಗಳಲ್ಲಿದಾರೆ. ಸಿಟಿಯೋರಿಗೆ ದುಡ್ಡಿದ್ರೆ ಲಾಯರ್ ಇಟ್ಟು ಹತ್ತು ಥರ ಕಾಗದ ಮಾಡಿಸ್ಕೊಳ್ತಾರೆ, ಕಾನೂನು ಇಲ್ಲದೇ ಇದ್ರೆ ಜಾಸ್ತಿ ಹೊಡೆತ ಬೀಳೋದು ಹಳ್ಳಿಯೋರಿಗೇ.

ಇನ್ನೊಂದು ವಿಷಯ ಯಾರೂ ಮಾತಾಡಲ್ಲ, ನಾನು ಹೇಳಲೇಬೇಕು. ಮದುವೆ ಬೇಡ ಬೇಡ ಅಂದ್ರೂ ಮನೆಯೋರ ಕಾಟಕ್ಕೆ ಇಂಥೋರು ಎಷ್ಟೋ ಜನ ತಾಳಿ ಕಟ್ಟಿದಾರೆ, ಕಟ್ಟಿಸ್ಕೊಂಡಿದಾರೆ. ನಮ್ಮ ಸಂಬಂಧದಲ್ಲೇ ಒಬ್ಬನಿಗೆ ಹೀಗೇ ಮಾಡಿದ್ರು. ಜಾತಕ ಕೂಡಿತು, ಛತ್ರ ಬುಕ್ ಆಯ್ತು, ಸಾವಿರ ಜನ ಉಂಡೋದ್ರು. ಆ ಹೆಣ್ಣುಮಗಳು ತನ್ನಲ್ಲೇ ಏನೋ ಕೊರತೆ ಇದೆ ಅಂತ ದೇವಸ್ಥಾನ ದೇವಸ್ಥಾನ ಸುತ್ತಿದಳು, ಅತ್ತೆ ಮನೆಯೋರು ಬಂಜೆ ಅಂದ್ರು, ಕೊನೆಗೆ ವಿಷಯ ತಿಳಿದು ತವರಿಗೆ ವಾಪಸ್ ಬಂದ್ಲು, ಈಗಲೂ ಅಲ್ಲೇ ಇದಾಳೆ. ಆ ಹುಡುಗ ಊರು ಬಿಟ್ಟ. ಎರಡು ಜೀವ ಹಾಳಾಯ್ತು ಅಂತ ನಾವೆಲ್ಲ ಗುಟ್ಟಾಗಿ ಮಾತಾಡ್ಕೊಂಡ್ವಿ, ಅಲ್ಲಿಗೆ ಮುಗೀತು. ನಮಗೆ ಹೀಗೂ ಮದುವೆ ಆಗಬಹುದು, ಕಾನೂನು ಒಪ್ಪುತ್ತೆ ಅನ್ನೋ ದಾರಿ ಅವನಿಗೆ ಇದ್ದಿದ್ರೆ ಆ ಹೆಣ್ಣುಮಗಳು ಇವತ್ತು ತನ್ನ ಪಾಡಿಗೆ ಎಲ್ಲೋ ಸುಖವಾಗಿ ಇರ್ತಿದ್ದಳು. ಕುಟುಂಬ ವ್ಯವಸ್ಥೆ ಹಾಳಾಗುತ್ತೆ ಅನ್ನೋರು ಈ ಮನೇನೂ ಒಂದ್ಸಲ ನೋಡ್ಬೇಕು.

ಸಂಸ್ಕೃತಿ ಅಂತೀರಾ, ಸಂಸ್ಕೃತಿ ಬಗ್ಗೆ ನಮ್ಮ ಜಿಲ್ಲೆಗೆ ಯಾರೂ ಪಾಠ ಹೇಳ್ಬೇಕಾಗಿಲ್ಲ. ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲೂಕಿನ ಹಿರೇಕೊಡಿಗೇಲಿ. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಮುಹೂರ್ತದ ಗೋಜಿಲ್ಲ, ಗಂಡು ಹೆಣ್ಣು ಸಮಾನರಾಗಿ ನಿಂತು ಪ್ರಮಾಣ ಮಾಡಿದ್ರೆ ಮದುವೆ ಅಂತ ಮಂತ್ರಮಾಂಗಲ್ಯ ಮಾಡಿಕೊಟ್ಟೋರು ಅವರು, 1966ರಲ್ಲಿ ಮಗ ತೇಜಸ್ವಿಯವರ ಮದುವೆನೂ ಹಾಗೇ ಮಾಡಿದ್ರು, ಆ ತೇಜಸ್ವಿ ಬದುಕಿದ್ದೂ ನಮ್ಮ ಮೂಡಿಗೇರೇಲೇ. ಇವತ್ತಿಗೂ ನಮ್ಮ ಕಡೆ ಹಾಗೆ ಮದುವೆ ಆಗೋರಿದಾರೆ, ಅದನ್ನ ಯಾರೂ ಮದುವೆ ಅಲ್ಲ ಅನ್ನಲ್ಲ. ಕುವೆಂಪು ಇದ್ದಿದ್ರೆ ನನ್ನ ತಂಗಿ ಪರ ಮಾತಾಡ್ತಿದ್ರು ಅಂತ ನಾನು ಹೇಳಲ್ಲ, ತೀರಿಹೋದೋರ ಬಾಯಲ್ಲಿ ಮಾತು ಹಾಕಬಾರದು. ಹೇಳೋದಿಷ್ಟು, ಮದುವೆ ಹೇಗಿರ್ಬೇಕು ಅನ್ನೋದನ್ನ ಈ ನೆಲದ ಜನ ಒಂದ್ಸಲ ಬದಲಾಯಿಸಿಕೊಂಡಿದಾರೆ, ಆಕಾಶ ಕಳಚಿ ಬೀಳಲಿಲ್ಲ. ಮತ್ತೆ ಯಾವ ದೇವಸ್ಥಾನದೋರೂ ಮಠದೋರೂ ಚರ್ಚಿನೋರೂ ಮಸೀದಿಯೋರೂ ಈ ಮದುವೆ ಮಾಡಿಸಿ ಅಂತ ನಾವು ಕೇಳ್ತಿಲ್ಲ. ಸರ್ಕಾರದ ರಿಜಿಸ್ಟರ್ ಪುಸ್ತಕದಲ್ಲಿ ಎರಡು ಹೆಸರು, ಎರಡು ಸಹಿ. ಮಕ್ಕಳಾಗಲ್ವಲ್ಲ ಅಂತ ಒಬ್ರು ಹಿರಿಯರು ಕೇಳಿದ್ರು, ನಮ್ಮ ದೊಡ್ಡಮ್ಮನಿಗೂ ಮಕ್ಕಳಿರ್ಲಿಲ್ಲ ಮಾರಾಯ್ರೇ, ದೊಡ್ಡಪ್ಪ ತೀರ್ಕೊಂಡಾಗ ಅವರ ಮದುವೆ ಲೆಕ್ಕಕ್ಕಿಲ್ಲ ಅಂತ ಯಾವ ಆಫೀಸೂ ಹೇಳಲಿಲ್ಲ. ತೈವಾನ್ 2019ರಲ್ಲಿ, ಥಾಯ್ಲೆಂಡ್ 2025ರಲ್ಲಿ ಇದನ್ನ ಒಪ್ಪಿದವು, ಪಕ್ಕದ ನೇಪಾಳದಲ್ಲೂ 2023ರ ಕೊನೇಲಿ ಇಂಥಾ ಒಂದು ಮದುವೆ ರಿಜಿಸ್ಟರ್ ಆಯ್ತು, ಎಲ್ಲ ನಮ್ಮ ಏಷ್ಯಾದ ದೇಶಗಳೇ.

ಈಗ ಮುಖ್ಯ ಮಾತು. ಮದುವೆ ಕಾನೂನು ಪಾರ್ಲಿಮೆಂಟಿಂದು, ನಮ್ಮದಲ್ಲ ಅಂತ ತಾವು ಹೇಳಬಹುದು. ಸಂವಿಧಾನದ ಏಳನೇ ಶೆಡ್ಯೂಲ್ ತೆಗೆದು ಸಮವರ್ತಿ ಪಟ್ಟಿಯ 5ನೇ ನಮೂದು ನೋಡಿ. ಮದುವೆ, ವಿಚ್ಛೇದನ, ದತ್ತು, ವಿಲ್, ಉತ್ತರಾಧಿಕಾರ ಎಲ್ಲ ಅಲ್ಲಿದೆ, ಅಂದ್ರೆ ಕೇಂದ್ರವೂ ಮಾಡಬಹುದು, ರಾಜ್ಯವೂ ಮಾಡಬಹುದು. ಕೇಂದ್ರದ ಕಾನೂನಿಗೆ ಅಡ್ಡ ಬಂದ್ರೆ 254ನೇ ವಿಧಿ ಪ್ರಕಾರ ರಾಷ್ಟ್ರಪತಿ ಅಂಕಿತ ಬೇಕು, ಅದು ಕಷ್ಟ ಇರಬಹುದು, ಆದ್ರೆ ದಾರಿ ಮುಚ್ಚಿಲ್ಲ. ಅಣ್ಣಾದೊರೈ ಮುಖ್ಯಮಂತ್ರಿ ಆಗಿದ್ದಾಗ 1967ರಲ್ಲಿ ಪಕ್ಕದ ಮದ್ರಾಸ್ ರಾಜ್ಯ ಹಿಂದೂ ವಿವಾಹ ಕಾಯ್ದೆಗೇ ತಿದ್ದುಪಡಿ ತಂದು, ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗಳನ್ನ ಕಾನೂನುಬದ್ಧ ಮಾಡ್ತು. ಅಷ್ಟು ದೂರ ಯಾಕೆ, ನಮ್ಮ ಕರ್ನಾಟಕಾನೇ ನೋಡಿ. ಪಿತ್ರಾರ್ಜಿತ ಆಸ್ತೀಲಿ ಮಗಳಿಗೂ ಮಗನಷ್ಟೇ ಪಾಲು ಅನ್ನೋ ತಿದ್ದುಪಡಿ ನಮ್ಮಲ್ಲಿ 1994ರಲ್ಲೇ ಜಾರಿಗೆ ಬಂತು, ಕೇಂದ್ರ ಅದನ್ನ ಇಡೀ ದೇಶಕ್ಕೆ ಮಾಡಿದ್ದು 2005ರಲ್ಲಿ. ಅವತ್ತೂ ಅಣ್ಣತಮ್ಮಂದಿರು ಕೂಗಾಡಿದ್ರು, ಸಂಸಾರ ಒಡೆಯುತ್ತೆ ಅಂದ್ರು. ನಮ್ಮಪ್ಪ ಪಾಲು ಮಾಡಿದಾಗ ತಂಗಿಗೂ ಕೊಟ್ಟಿದ್ದು ಆ ಕಾನೂನಿನ ಬಲದಿಂದಾನೇ. ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಕೆಲಸದಲ್ಲಿ ಒಂದು ಪರ್ಸೆಂಟ್ ಮೀಸಲಾತಿ 2021ರಲ್ಲಿ ದೇಶದಲ್ಲೇ ಮೊದಲು ಕೊಟ್ಟಿದ್ದೂ ನಮ್ಮ ರಾಜ್ಯಾನೇ. ಮುಂದೆ ಹೋಗೋದು ಈ ವಿಧಾನಸಭೆಗೆ ಹೊಸದೇನಲ್ಲ.

ಪೂರ್ತಿ ಮದುವೆ ಕಾನೂನು ಇವತ್ತೇ ಆಗ್ಬೇಕು ಅನ್ನೋದೇ ನನ್ನ ಆಸೆ, ಅದನ್ನ ಬಿಟ್ಟುಕೊಡಲ್ಲ. ಆದ್ರೆ ಅಲ್ಲೀವರೆಗೂ ಕೈಕಟ್ಟಿ ಕೂರೋ ಅಗತ್ಯ ಇಲ್ಲ. ಸ್ಟಾಂಪ್ ಕಾಯ್ದೆ ಪೂರ್ತಿ ತಮ್ಮದೇ, 1957ರ ಕರ್ನಾಟಕ ಸ್ಟಾಂಪ್ ಆಕ್ಟ್, ಬಜೆಟ್ ಜೊತೆ ಅದಕ್ಕೆ ತಿದ್ದುಪಡಿ ಆಗ್ತಾನೇ ಇರುತ್ತೆ, ದಾನಪತ್ರದ ಕುಟುಂಬದ ಪಟ್ಟಿಗೆ ಜೊತೆಗೆ ಬಾಳ್ತಿರೋ ಸಂಗಾತಿಯನ್ನೂ ಸೇರಿಸೋಕೆ ಯಾರ ಅಪ್ಪಣೆ ಬೇಕು? ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರು 2023ರ ನವೆಂಬರಲ್ಲಿ ತಮಿಳುನಾಡು ಸರ್ಕಾರಕ್ಕೆ ಒಂದು ಸಲಹೆ ಕೊಟ್ಟಿದ್ರು, ಇಬ್ರು ನಾವು ಒಂದೇ ಕುಟುಂಬ ಅಂತ ಬರ್ಕೊಳ್ಳೋ ಒಂದು ಕರಾರು ಪತ್ರ, ಅದನ್ನ ರಿಜಿಸ್ಟರ್ ಮಾಡಿಸೋ ವ್ಯವಸ್ಥೆ ಮಾಡಿ ಅಂತ. ಅದೇ ಹೈಕೋರ್ಟ್ 2025ರ ಮೇ ತಿಂಗಳಲ್ಲಿ, ಕುಟುಂಬ ಕಟ್ಟೋಕೆ ಮದುವೆ ಒಂದೇ ದಾರಿ ಅಲ್ಲ ಅಂತಾನೂ ಹೇಳ್ತು. ಆ ಥರದ ಪತ್ರ ನಮ್ಮ ರಿಜಿಸ್ಟ್ರೇಷನ್ ಇಲಾಖೆಯ ಕಾವೇರಿ ಸಾಫ್ಟ್‌ವೇರಲ್ಲೂ ಬರಲಿ, ಆಸ್ಪತ್ರೇಲಿ ಅದನ್ನ ತೋರಿಸಿದ್ರೆ ಸಾಕು ಅಂತ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ.

ಇನ್ನೊಂದು, ಆಗಲೇ ಇರೋದನ್ನಾದ್ರೂ ಜಾರಿ ಮಾಡಿಸಿ. 2023ರ ಸುಪ್ರೀಂ ಕೋರ್ಟ್ ತೀರ್ಪಾದ ಮೇಲೆ ಕೇಂದ್ರ ಸಂಪುಟ ಕಾರ್ಯದರ್ಶಿ ಅಧ್ಯಕ್ಷತೇಲಿ ಸಮಿತಿ ಆಯ್ತು, 2024ರಲ್ಲಿ ಇಂಥಾ ಜೋಡಿಗಳನ್ನ ರೇಷನ್ ಕಾರ್ಡಿಗೆ ಒಂದೇ ಮನೆಯೋರು ಅಂತ ಪರಿಗಣಿಸಿ ಅಂತ ರಾಜ್ಯಗಳಿಗೆ ಸೂಚನೆ ಬಂತು, ಜಾಯಿಂಟ್ ಅಕೌಂಟ್ ತೆಗೆಯೋಕೆ, ಸಂಗಾತೀನ ನಾಮಿನಿ ಮಾಡೋಕೆ ಅಡ್ಡಿ ಇಲ್ಲ ಅಂತ ಬ್ಯಾಂಕುಗಳಿಗೂ ಹೇಳಿದ್ರು. ನನ್ನ ತಂಗಿ ಹೆಸರು ಇವತ್ತಿಗೂ ತೋಟದ ಮನೆಯ ನಮ್ಮ ಕಾರ್ಡಲ್ಲಿದೆ, ಅವಳ ಸಂಗಾತಿದು ಅರಸೀಕೆರೆಯ ತಮ್ಮನ ಮನೆ ಕಾರ್ಡಲ್ಲಿ. ಒಂದೇ ಒಲೇಲಿ ಉಣ್ಣೋರು ಎರಡು ಜಿಲ್ಲೆ ಕಾರ್ಡಲ್ಲಿದಾರೆ. ಇಬ್ರದೂ ಸೇರಿಸಿ ಒಂದು ಕಾರ್ಡ್ ಮಾಡಿಕೊಡಿ ಅಂತ ಹೋದಾಗ ಕೌಂಟರಲ್ಲಿದ್ದೋರಿಗೆ ಆ ಸೂಚನೆ ಬಂದಿರೋದೇ ಗೊತ್ತಿರ್ಲಿಲ್ಲ, ಸಂಬಂಧದ ಕಾಲಮಲ್ಲಿ ಏನಂತ ಒತ್ತಲಿ ಅಮ್ಮಾ ಅಂತ ವಾಪಸ್ ಕೇಳಿದ್ರಂತೆ. ಆ ಹುಡುಗನ್ನ ಬೈಯೋಕಾಗಲ್ಲ, ಅವನಿಗೆ ಮೇಲಿನಿಂದ ಯಾರೂ ಹೇಳಿಲ್ಲ. ಅವರು ಕಾರ್ಡ್ ಕೇಳಿದ್ದು ಅಕ್ಕಿಗಲ್ಲ, ಇವರಿಬ್ರೂ ಒಂದು ಮನೆಯೋರು ಅಂತ ಸರ್ಕಾರದ ಮುದ್ರೆ ಇರೋ ಒಂದು ಕಾಗದ ಕೈಲಿರ್ಲಿ ಅಂತ.

ತಾವು ಐದು ಜನರಲ್ಲಿ ಒಬ್ರಾದ್ರೂ ಮುಂದಿನ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿಲ್ಲದ ಪ್ರಶ್ನೆ, ಅಂದ್ರೆ ಲಿಖಿತ ಉತ್ತರ ಕೊಡೋ ಪ್ರಶ್ನೆ, ಹಾಕಿ. ಆಹಾರ ಇಲಾಖೆಗೆ ಬಂದ 2024ರ ಸೂಚನೆ ನಮ್ಮ ಜಿಲ್ಲೆಯ ಯಾವ್ಯಾವ ತಾಲೂಕು ಕಚೇರಿ ಮುಟ್ಟಿದೆ, ಸ್ಟಾಂಪ್ ಕಾಯ್ದೆಯ ಕುಟುಂಬದ ಪಟ್ಟಿ ಬದಲಾಯಿಸೋ ಪ್ರಸ್ತಾವ ಸರ್ಕಾರದ ಮುಂದೆ ಇದ್ಯಾ, ಸಲಿಂಗ ಜೋಡಿಗಳ ಮದುವೆ ಬಗ್ಗೆ ಸುಪ್ರೀಂ ಕೋರ್ಟ್ ಶಾಸಕಾಂಗಕ್ಕೆ ಬಿಟ್ಟಿದ್ದರ ಮೇಲೆ ರಾಜ್ಯ ಸರ್ಕಾರದ ನಿಲುವೇನು, ಇಷ್ಟು ಕೇಳಿ. ಉತ್ತರ ಲಿಖಿತದಲ್ಲಿ ಬರಲಿ. ಬೇಕಿದ್ರೆ ನಾನೇ ಬೆಂಗಳೂರಿಗೆ ಬಂದು ಕಾಗದ ಪತ್ರ ಎಲ್ಲ ತೋರಿಸ್ತೀನಿ, ತಂಗಿ ಅವಳ ಸಂಗಾತಿ ಇಬ್ರೂ ತಮ್ಮ ಜೊತೆ ಮುಖಾಮುಖಿ ಕೂತು ಮಾತಾಡೋಕೆ ಸಿದ್ಧ ಇದಾರೆ, ತಾವು ಟೈಮ್ ಕೊಟ್ರೆ ಸಾಕು.

ಇಂತಿ,
ಮೂಡಿಗೆರೆ ತಾಲೂಕಿನ ಒಬ್ಬ ಕಾಫಿ ಬೆಳೆಗಾರ